ಹಳೇ ಕಾರಿನ ಸಸ್ಪೆನ್ಷನ್: ಯಾವುದನ್ನು ಈಗಲೇ ಬದಲಿಸಬೇಕು, ಯಾವುದು ಕಾಯಬಹುದು?

ಹತ್ತು ವರ್ಷ ದಾಟಿದ ಸ್ವಿಫ್ಟ್, ವ್ಯಾಗನ್ ಆರ್ ಅಥವಾ ಐ10 ನಿಮ್ಮಲ್ಲಿದೆ. ಹಂಪ್ ಇಳಿಯುವಾಗ ಮುಂದಿನ ಚಕ್ರದ ಕಡೆಯಿಂದ ಟಕ್ ಟಕ್ ಅಂತ ಸದ್ದು ಶುರುವಾಗಿದೆ. ಗ್ಯಾರೇಜಿಗೆ ಹೋದರೆ ಒಬ್ಬರು ‘ಸಸ್ಪೆನ್ಷನ್ ಪೂರ್ತಿ ಹೋಗಿದೆ ಸಾರ್, ಎಲ್ಲಾ ಬದಲಿಸಬೇಕು’ ಎನ್ನುತ್ತಾರೆ. ಇನ್ನೊಬ್ಬರು ‘ಹಳೇ ಗಾಡಿ ಅಲ್ವಾ, ಸದ್ದು ಇದ್ದದ್ದೇ, ಓಡಿಸಿ’ ಎನ್ನುತ್ತಾರೆ. ಯಾವ ಮಾತನ್ನೂ ಹಾಗೇ ಒಪ್ಪಿಕೊಳ್ಳಬೇಡಿ.

ಸಸ್ಪೆನ್ಷನ್ ಅಂದರೆ ಚಕ್ರವನ್ನು ಕಾರಿಗೆ ಜೋಡಿಸಿ ರಸ್ತೆಯ ಹೊಡೆತ ತಡೆಯುವ ವ್ಯವಸ್ಥೆ. ಅದರಲ್ಲಿ ಕೆಲವು ಭಾಗ ಸವೆದರೆ ಬರೀ ಕಿರಿಕಿರಿ. ಕೆಲವು ಸವೆದರೆ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ, ಟೈರ್ ಬೇಗ ಹಾಳಾಗುತ್ತದೆ. ಇನ್ನು ಒಂದೆರಡು ಭಾಗ ಕಳಚಿಕೊಂಡರಂತೂ ಚಕ್ರವೇ ಒಂದು ಕಡೆ ಮಗುಚಿಬಿಡುತ್ತದೆ. ಸದ್ದು ಜೋರಾಗಿದೆ ಅಂದಮಾತ್ರಕ್ಕೆ ಅಪಾಯ ಜಾಸ್ತಿ ಅಂತ ಅಲ್ಲ. ಗಲಾಟೆ ಎಬ್ಬಿಸುವ ಲಿಂಕ್ ರಾಡ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಸರಳಿನ ಕೊಂಡಿ) ಇನ್ನೊಂದು ತಿಂಗಳು ತಡೆದೀತು. ಹೆಚ್ಚು ಸದ್ದಿಲ್ಲದೆ ಸವೆಯುವ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಲೋಯರ್ ಆರ್ಮ್‌ಗೆ, ಅಂದರೆ ಅದನ್ನು ಹಿಡಿದಿರುವ ಕೆಳಗಿನ ತೋಳಿಗೆ, ಜೋಡಿಸುವ ಗುಂಡು ಕೀಲು) ತಡೆಯುವುದಿಲ್ಲ. ಹಣ ಎಲ್ಲಿ ಮೊದಲು ಹಾಕಬೇಕು ಅನ್ನುವುದನ್ನು ಈ ವ್ಯತ್ಯಾಸ ನೋಡಿ ತೀರ್ಮಾನಿಸಬೇಕು.

80,000 ಕಿ.ಮೀ. ಆದಮೇಲೆ ಶಾಕ್ ಅಬ್ಸಾರ್ಬರ್ ಬದಲಿಸಿ ಅನ್ನುವ ಲೆಕ್ಕ ನೀವೂ ಕೇಳಿರುತ್ತೀರಿ. ಅಷ್ಟು ಓಡಿದಾಗ ಒಮ್ಮೆ ಪರೀಕ್ಷೆ ಮಾಡಿಸಿ ಅಂತ ಮಾತ್ರ ಅದನ್ನು ತಿಳಿಯಿರಿ. ಹೆದ್ದಾರಿಯಲ್ಲೇ ಓಡಿದ ಕಾರು ಅದನ್ನು ದಾಟಿಯೂ ಗಟ್ಟಿಯಾಗಿರಬಹುದು. ಗುಂಡಿ ಬಿದ್ದ ರಸ್ತೆಯಲ್ಲಿ ದಿನಾ ಓಡುವ ಕಾರಿನದ್ದು ಅದಕ್ಕಿಂತ ಎಷ್ಟೋ ಮೊದಲೇ ಹೋಗುತ್ತದೆ. ಹಂಪ್‌ಗಳ ಪಾತ್ರವೂ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯಂತೆ ಹಂಪ್ 10 ಸೆಂ.ಮೀ. ಎತ್ತರ, (ಕಾರು ಸಾಗುವ ದಿಕ್ಕಿನಲ್ಲಿ) 3.7 ಮೀಟರ್ ಅಗಲ ಇರಬೇಕು. ನಮ್ಮ ಬಡಾವಣೆಗಳ ಎಷ್ಟೋ ಹಂಪ್‌ಗಳು ಅಷ್ಟೇ ಎತ್ತರ ಇದ್ದರೂ ಅಗಲದಲ್ಲಿ ಅದರ ಕಾಲುಭಾಗವೂ ಇರುವುದಿಲ್ಲ. ಆ ಹೊಡೆತವನ್ನೆಲ್ಲ ತಿನ್ನುವುದು ಬುಷ್ (ಲೋಹದ ಭಾಗಗಳು ಸೇರುವಲ್ಲಿ ಕೂರಿಸುವ ರಬ್ಬರ್ ತುಂಡು), ಶಾಕ್ ಅಬ್ಸಾರ್ಬರ್‌ಗಳೇ. ಇನ್ನು ರಬ್ಬರ್ ಬುಷ್‌ಗೆ ಕಿಲೋಮೀಟರ್ ಜೊತೆ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಓಡಿದ ಕಾರಿನಲ್ಲೂ ಅದು ಒಣಗಿ ಬಿರುಕು ಬಿಡುತ್ತದೆ.

ಮೊದಲು ಸದ್ದು ಗುರುತಿಸಿ

ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಕಾಂಪೌಂಡ್ ಗೋಡೆ ಇರುವ ರಸ್ತೆಯಲ್ಲಿ ನಿಧಾನವಾಗಿ ಹೋಗಿ. ಗೋಡೆಗೆ ಬಡಿದು ಬರುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಸಣ್ಣ ಕಲ್ಲು, ಸಣ್ಣ ಏರಿಳಿತಕ್ಕೂ ಟಕ ಟಕ ಅಂದರೆ ಹೆಚ್ಚಾಗಿ ಲಿಂಕ್ ರಾಡ್. ದೊಡ್ಡ ಗುಂಡಿಗೆ ಧಡ್ ಅಂದರೆ ಲೋಯರ್ ಆರ್ಮ್ ಬುಷ್, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಜೋಡಣೆ) ಮೌಂಟಿಂಗ್ ಅಥವಾ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಜಾರಿದಂತೆ ಠಣ್ ಅಂದರೆ ಸ್ಟ್ರಟ್ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ.

ಎರಡು ಸದ್ದು ಸಸ್ಪೆನ್ಷನ್‌ನದ್ದಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಕಟಕಟ ಅಂದರೆ ಅದು ಆಕ್ಸಲ್ ಜಾಯಿಂಟ್. ವೇಗ ಏರಿದಂತೆ ಏರುವ ಗುಂಯ್ ಸದ್ದು ಬಹುಮಟ್ಟಿಗೆ ವೀಲ್ ಬೇರಿಂಗ್. ಇವೆರಡಕ್ಕೆ ಶಾಕ್ ಅಬ್ಸಾರ್ಬರ್ ಬದಲಿಸಿ ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಟೈರ್, ಎತ್ತರ, ಎಣ್ಣೆ

ಟೈರ್ ಮೇಲೆ ಅಂಗೈ ಆಡಿಸಿ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಅಂತ ಸುತ್ತಲೂ ಅಲೆಅಲೆಯಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿಲ್ಲ ಅಂತ ಅನುಮಾನಿಸಬಹುದು. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಲೋಯರ್ ಆರ್ಮ್ ಬುಷ್ ಹರಿದಿರುವುದರಿಂದಲೂ ಅದು ತಪ್ಪಿರಬಹುದು.

ಟೈರ್ ಗಾಳಿ ಸರಿಮಾಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಎಡ ಬಲಕ್ಕೆ ಒಂದೂವರೆ ಸೆಂ.ಮೀ. ಹತ್ತಿರ ವ್ಯತ್ಯಾಸ ಬಂದರೆ ಸ್ಪ್ರಿಂಗ್ ಕೂತಿರಬಹುದು, ಇಲ್ಲಾ ಮುರಿದಿರಬಹುದು. ಸ್ಪ್ರಿಂಗಿನ ಕೊನೆಯ ಸುತ್ತು ಮುರಿದು, ಸ್ಪ್ರಿಂಗ್ ಕೂರುವ ತಟ್ಟೆಯೊಳಗೇ ಉಳಿದಿದ್ದರೆ ಟಾರ್ಚ್ ಬಿಟ್ಟು ನೋಡದೆ ಗೊತ್ತಾಗುವುದಿಲ್ಲ.

ಶಾಕ್ ಅಬ್ಸಾರ್ಬರ್ ಮೈಮೇಲೆ ಧೂಳು ಮೆತ್ತಿದ ತೆಳು ಪಸೆ ಕಂಡರೆ ಗಾಬರಿ ಬೇಡ. ಎಣ್ಣೆ ಇಳಿದು ಕೆಳಗಿನವರೆಗೆ ಒದ್ದೆಯಾಗಿದ್ದರೆ ಮಾತ್ರ ಯೋಚಿಸಬೇಕು. ಅನುಮಾನ ಇದ್ದರೆ ಬಟ್ಟೆಯಲ್ಲಿ ಒರೆಸಿ, ಒಂದು ವಾರ ಓಡಿಸಿ, ಮತ್ತೆ ನೋಡಿ. ಮತ್ತೆ ಒದ್ದೆಯಾಗಿದ್ದರೆ ಅದರ ಆಯಸ್ಸು ಮುಗಿಯಿತು.

ಕಾರಿನ ಮೂಲೆ ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಒಮ್ಮೆ ಮೇಲೆದ್ದು ತನ್ನ ಮಟ್ಟಕ್ಕೆ ಬಂದು ನಿಂತರೆ ಸರಿ. ಎರಡು ಮೂರು ಸಲ ತೂಗಾಡಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಆದರೆ ಇದರಲ್ಲಿ ಪಾಸಾದರೆ ಎಲ್ಲಾ ಸರಿ ಅಂತ ಅಲ್ಲ. ಅರ್ಧ ಸವೆದದ್ದು ಕೈ ಒತ್ತಡಕ್ಕೆ ಚೆನ್ನಾಗಿಯೇ ನಿಲ್ಲುತ್ತದೆ, 80 ಕಿ.ಮೀ. ವೇಗದಲ್ಲಿ ನಿಲ್ಲುವುದಿಲ್ಲ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮೂತಿ ತೀರಾ ಕೆಳಗೆ ಬಗ್ಗುತ್ತಿದೆಯಾ, ಗುಂಡಿ ದಾಟಿದ ಮೇಲೂ ಕಾರು ತೇಲಾಡುತ್ತಿದೆಯಾ ಅಂತ ಗಮನಿಸಿ. ಮಳೆಗಾಲಕ್ಕೆ ಮೊದಲು ಇದನ್ನು ನೋಡಿಕೊಂಡರೆ ಒಳ್ಳೆಯದು. ಟೈರ್ ನೆಲಕ್ಕೆ ಅಂಟಿಕೊಂಡಿರದಿದ್ದರೆ ಬ್ರೇಕ್ ಹಾಕಿದ ಮೇಲೂ ಕಾರು ಜಾಸ್ತಿ ದೂರ ಹೋಗುತ್ತದೆ.

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ನೋಡಿ

ಮುಂದಿನ ಪರೀಕ್ಷೆಗೆ ಕಾರು ಲಿಫ್ಟ್ ಮೇಲಿರಬೇಕು, ಇಲ್ಲಾ ಗಟ್ಟಿ ಸ್ಟ್ಯಾಂಡ್ ಮೇಲೆ. ಡಿಕ್ಕಿಯಲ್ಲಿರುವ ಜಾಕ್ ಒಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು. ಇದೆಲ್ಲ ಐದು ನಿಮಿಷದ ಕೆಲಸ, ‘ನನ್ನೆದುರಿಗೇ ತೋರಿಸಿ’ ಅಂತ ಕೇಳಲು ಸಂಕೋಚ ಬೇಡ.

ಚಕ್ರವನ್ನು ಎಡ ಬಲ ಅಂಚಿನಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಅಂತ ಪ್ಲೇ (ಸಡಿಲ ಅಲುಗಾಟ) ಸಿಕ್ಕರೆ ಟೈ ರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿಯ ಕೀಲು) ಅಥವಾ ಸ್ಟೇರಿಂಗ್ ರ‍್ಯಾಕ್ ಕಡೆ ನೋಡಿ. ಈಗ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಇಲ್ಲಿ ಪ್ಲೇ ಇದ್ದರೆ ಒಂದೋ ಬಾಲ್ ಜಾಯಿಂಟ್, ಒಂದೋ ವೀಲ್ ಬೇರಿಂಗ್. ಯಾವುದು ಅಂತ ತಿಳಿಯಲು ಸುಲಭ ದಾರಿ ಇದೆ: ಸಹಾಯಕ ಬ್ರೇಕ್ ಒತ್ತಿ ಹಿಡಿಯಲಿ. ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಚಕ್ರ ನೇತಾಡುತ್ತಿರುವಾಗ ಲೋಯರ್ ಆರ್ಮ್ ಪಕ್ಕ ರಾಡ್ ಕೊಟ್ಟು ಮೀಟಿ ನೋಡಿದರೆ ಇನ್ನೂ ಖಚಿತವಾಗುತ್ತದೆ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಗ್ರೀಸ್ ಹೊರಬಂದಿದ್ದರೆ ಪ್ಲೇ ಬರುವವರೆಗೆ ಕಾಯಬೇಡಿ. ಒಳಗೆ ನೀರು, ಮಣ್ಣು ಸೇರಿದ ಮೇಲೆ ಅದು ಬೇಗ ತಿಂದುಹೋಗುತ್ತದೆ.

ಬುಷ್ ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಪರವಾಗಿಲ್ಲ. ರಬ್ಬರ್ ಆರಪಾರ ಹರಿದಿದ್ದರೆ ಅಥವಾ ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಂಡಿದ್ದರೆ ಬದಲಿಸಿ.

ಈಗ ತೀರ್ಮಾನ

ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ನಲ್ಲಿ ಪ್ಲೇ ಇದ್ದರೆ, ಸ್ಪ್ರಿಂಗ್ ಮುರಿದಿದ್ದರೆ ಅವತ್ತೇ ಕೆಲಸ ಮುಗಿಸಿ. ‘ಮುಂದಿನ ಸರ್ವೀಸಿಗೆ ನೋಡೋಣ’ ಅನ್ನುವ ಮಾತು ಇಲ್ಲಿ ಬೇಡವೇ ಬೇಡ. ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್, ಹರಿದ ಲೋಯರ್ ಆರ್ಮ್ ಬುಷ್ ಕೆಲವು ವಾರ ತಡೆಯುತ್ತವೆ, ಆದರೆ ದೂರದ ಪ್ರಯಾಣಕ್ಕೆ ಮೊದಲು, ಹೊಸ ಟೈರ್ ಹಾಕಿಸುವುದಕ್ಕೆ ಮೊದಲು ಆಗಲೇಬೇಕು. ಲಿಂಕ್ ರಾಡ್, ಸ್ಟೆಬಿಲೈಸರ್ ಬುಷ್‌ಗಳ ಸದ್ದು ಮಾತ್ರ ಇದ್ದರೆ ನಿಮ್ಮ ಕೈಯಲ್ಲಿ ಕಾಸಿದ್ದಾಗ ಮಾಡಿಸಿ.

ಕಾರನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳುತ್ತೀರಿ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಿಸಿ ಓಡಿಸುವ ಮನಸ್ಸಿದ್ದರೆ ನಾಲ್ಕೂ ಶಾಕ್ ಅಬ್ಸಾರ್ಬರ್‌ಗೆ ಹಣ ಹಾಕುವುದು ನ್ಯಾಯ. ಆರು ತಿಂಗಳಲ್ಲಿ ಮಾರುವುದಾದರೆ ಆರಾಮಕ್ಕೆ ಬೇಕಾದದ್ದನ್ನು ಬಿಡಿ. ಜೀವಕ್ಕೆ ಸಂಬಂಧಪಟ್ಟದ್ದನ್ನು ಬಿಡಬೇಡಿ, ಕೊಳ್ಳುವವರ ಮನೆಯವರೂ ಅದರಲ್ಲೇ ಓಡಾಡುತ್ತಾರೆ.

ಕೆಲಸ ಕೊಡುವಾಗ

ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಯಾವಾಗಲೂ ಜೋಡಿಯಾಗಿ, ಮುಂದಿನದಾದರೆ ಮುಂದಿನ ಎರಡೂ. ಬಾಲ್ ಜಾಯಿಂಟ್ ಒಂದೇ ಕಡೆ ಹಾಕಿಸಿದರೆ ತೊಂದರೆಯಿಲ್ಲ. ಎಷ್ಟೋ ಸಣ್ಣ ಕಾರುಗಳಲ್ಲಿ ಅದು ಲೋಯರ್ ಆರ್ಮ್ ಜೊತೆಗೇ ಬರುತ್ತದೆ, ಆಗ ಬುಷ್‌ಗಳೂ ಹೊಸದಾಗುತ್ತವೆ. ಸ್ಟ್ರಟ್ ಹೇಗೂ ಬಿಚ್ಚಿದ್ದಾರಲ್ಲ, ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಗ್ಗಿದಾಗ ಬಡಿಯದಂತೆ ತಡೆಯುವ ತುಂಡು) ಕೂಡ ಅವತ್ತೇ ಹಾಕಿಸಿ, ಮತ್ತೆ ಅದೇ ಕೂಲಿ ಕೊಡುವುದು ತಪ್ಪುತ್ತದೆ. ಸ್ಪ್ರಿಂಗ್ ಬಿಚ್ಚುವ ಸಾಹಸ ಮನೆಯಲ್ಲಿ ಬೇಡ. ಒತ್ತಿಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಕುತ್ತು.

ಒಂದು ವಿಷಯವನ್ನು ಮಾತ್ರ ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಿ. ಲೋಯರ್ ಆರ್ಮ್ ಬುಷ್‌ನ ಬೋಲ್ಟನ್ನು ಕಾರು ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಕೆಳಗಿಳಿಸಿ, ಭಾರ ಚಕ್ರದ ಮೇಲೆ ಬಿದ್ದಮೇಲೆ ಕೊನೆಯ ಬಿಗಿ ಕೊಡಬೇಕು. ಇಲ್ಲದಿದ್ದರೆ ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ‘ಸ್ಪೇರ್ ಚೆನ್ನಾಗಿಲ್ಲ’ ಅಂತ ಅಂಗಡಿಯವರನ್ನು ಬೈಯುವ ಎಷ್ಟೋ ಪ್ರಕರಣಗಳಲ್ಲಿ ತಪ್ಪು ಇದೇ. ಹಾಗಂತ ಸ್ಪೇರ್ ವಿಷಯದಲ್ಲೂ ಮೈಮರೆಯಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಸರಿ, ನಿಮ್ಮೂರಿನ ಅಂಗಡಿಯಲ್ಲಿ ಕೊಂಡರೂ ಸರಿ, ಪಾರ್ಟ್ ನಂಬರ್, ಎಂಆರ್‌ಪಿ ಇರುವ ಸೀಲ್ ಒಡೆಯದ ಡಬ್ಬಿ ಮತ್ತು ಬಿಲ್ ತೆಗೆದುಕೊಳ್ಳಿ. ಬಿಚ್ಚಿದ ಹಳೇ ಭಾಗಗಳನ್ನು ಕೇಳಿ ಪಡೆದು ನೋಡಿ.

ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಮುಂಚಿನ ಮತ್ತು ಆಮೇಲಿನ ಅಳತೆ ಇರುವ ಪ್ರಿಂಟ್ ಇಸ್ಕೊಳ್ಳಿ. ಬಹುತೇಕ ಸಣ್ಣ ಕಾರುಗಳಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಒಂದನ್ನೇ ಹೊಂದಿಸಲು ಬರುತ್ತದೆ. ಎಲ್ಲಾ ಹೊಸದು ಹಾಕಿದ ಮೇಲೂ ಒಂದು ಕಡೆಯ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮಿತಿ ಮೀರಿ ತೋರಿಸುತ್ತಿದ್ದರೆ, ಹಿಂದೆ ಯಾವಾಗಲೋ ಗುಂಡಿಗೆ ಬಡಿದು ಸ್ಟೇರಿಂಗ್ ನಕಲ್ (ಚಕ್ರ ಕೂರುವ ಲೋಹದ ಭಾಗ) ಅಥವಾ ಅಡಿಯ ಚೌಕಟ್ಟಾದ ಸಬ್‌ಫ್ರೇಮ್ ಬಾಗಿರಬಹುದು. ಅದನ್ನು ಪತ್ತೆ ಮಾಡಿಸುವವರೆಗೆ ಹೊಸ ಟೈರ್ ಹಾಕಿಸಬೇಡಿ.