ಸೋಂಪಿನ ಘಮ ಉಳಿಸಿಕೊಳ್ಳುವ ಬಗೆ

ನಾನು ಸೋಂಪನ್ನು ಅಡುಗೆಗೂ ಬಳಸುತ್ತೇನೆ, ಹೊಟ್ಟೆ ಉಬ್ಬರಿಸಿದಾಗ ಕಷಾಯಕ್ಕೂ ಬಳಸುತ್ತೇನೆ. ಕೆಲಸ ಬೇರೆಯಾದರೂ ಎರಡಕ್ಕೂ ಬೇಕಾದ್ದು ಕಾಳಿನೊಳಗಿನ ಎಣ್ಣೆ. ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿ: ಉದ್ದಕ್ಕೂ ಏಣುಗಳಿವೆ. ಏಣುಗಳ ನಡುವಿನ ತಗ್ಗಿನ ಅಡಿಯಲ್ಲಿ ಎಣ್ಣೆ ತುಂಬಿದ ಸಣ್ಣ ನಾಳಗಳಿರುತ್ತವೆ. ಸಿಹಿ ಘಮದ ಅನೆಥೋಲ್, ತುಸು ಕಹಿಯ ಫೆಂಚೋನ್ ಎರಡೂ ಇರುವುದು ಅಲ್ಲೇ. ನಾಳ ಒಡೆಯದೆ ಎಣ್ಣೆ ಸರಿಯಾಗಿ ಬಿಡುವುದಿಲ್ಲ, ಒಡೆದಿಟ್ಟರೆ ಉಳಿಯುವುದಿಲ್ಲ. ಅದಕ್ಕೇ ಪುಡಿ ಮಾಡಿಟ್ಟುಕೊಳ್ಳದೆ ಬೇಕಾದಾಗಲೇ ಕುಟ್ಟುತ್ತೇನೆ.

ಕಷಾಯಕ್ಕೆ ಸುಮಾರು 2 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಕಾಳು ಸಾಕು. ಕುಟ್ಟಾಣಿಯಲ್ಲಿ ತರಿತರಿಯಾಗಿ ಜಜ್ಜಿ, ಮೇಲೆ 250 ಮಿ.ಲೀ. ಕುದಿನೀರು ಸುರಿದು, ಕೂಡಲೇ ತಟ್ಟೆ ಮುಚ್ಚಿ 15 ನಿಮಿಷ ಬಿಡುತ್ತೇನೆ. ಒಲೆಯ ಮೇಲಿಟ್ಟು ಕುದಿಸುವುದಿಲ್ಲ. ಅಡುಗೆಮನೆಯೆಲ್ಲ ಘಮ್ಮೆಂದರೆ ಲೋಟದಲ್ಲಿ ಅಷ್ಟು ಕಡಿಮೆಯಾಯಿತು ಎಂದೇ ಲೆಕ್ಕ! ತಟ್ಟೆ ತೆಗೆಯುವಾಗ ಅದರ ಒಳಮೈಗೆ ಕಟ್ಟಿದ ಹನಿಗಳನ್ನೂ ಲೋಟಕ್ಕೇ ಕೊಡವುತ್ತೇನೆ. ಮೂಸಿದರೆ ಯಾಕೆಂದು ತಿಳಿಯುತ್ತದೆ.

ಊಟ ಭಾರವಾಗಿ ಹೊಟ್ಟೆ ಬಿಗಿದಾಗ ಇದು ನನಗೆ ಹಿಡಿಸಿದೆ, ವಾಯು ಸಡಿಲವಾಗುತ್ತದೆ. ಹುಳಿತೇಗಿಗೆ ಮಾತ್ರ ಅಷ್ಟೇನೂ ಪ್ರಯೋಜನ ಕಂಡಿಲ್ಲ. ಆಯುರ್ವೇದ ಇದನ್ನು ಮಿಶ್ರೇಯ ಎಂದು ಕರೆದು ಜೀರ್ಣಕ್ಕೆ ಬಳಸುತ್ತದೆ. ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ ಕೂಡ ಹೊಟ್ಟೆಯುಬ್ಬರ, ಮುಟ್ಟಿನ ಸಣ್ಣ ಸೆಳೆತ, ಶೀತದ ಕೆಮ್ಮಿನ ಕಫಕ್ಕೆ ಸೋಂಪಿನ ಬಳಕೆಯನ್ನು ಒಪ್ಪಿದೆ. ಆದರೆ ಆ ಒಪ್ಪಿಗೆ ಬಹುಕಾಲದ ರೂಢಿಯನ್ನು ನೋಡಿ ಕೊಟ್ಟದ್ದು, ಪ್ರಯೋಗಗಳಲ್ಲಿ ಗಟ್ಟಿಯಾಗಿ ಸಾಬೀತಾಗಿದೆ ಎಂದಲ್ಲ. ದೊಡ್ಡವರು ಕೂಡ ಎರಡು ವಾರ ಮೀರಬಾರದು ಎನ್ನುತ್ತದೆ ಆ ಸಂಸ್ಥೆ. ಕಾಳಿನ ಎಣ್ಣೆಯಲ್ಲಿ ಎಸ್ಟ್ರಗೋಲ್ ಎಂಬ, ಹೆಚ್ಚಾದರೆ ಹಾನಿ ಮಾಡಬಹುದೆಂಬ ಶಂಕೆಯಿರುವ ಅಂಶವೂ ಇರುವುದರಿಂದ ಬಸುರಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಇದನ್ನು ಮದ್ದಾಗಿ ಕುಡಿಯುವುದು ಬೇಡ. ಕೂಸುಗಳಿಗಂತೂ ನಾನು ಕೊಡುವುದಿಲ್ಲ. ಕ್ಯಾರೆಟ್, ಸೆಲರಿ, ಕೊತ್ತಂಬರಿ ಇದರದೇ ಕುಟುಂಬದವು. ಅವು ಮೈಗೆ ಒಗ್ಗದವರು ಇದರಲ್ಲೂ ಹುಷಾರಾಗಿರಬೇಕು.

ಅಡುಗೆಯಲ್ಲಿ ಲೆಕ್ಕ ಬೇರೆ. ಅನೆಥೋಲ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಸಾರಿನಂಥ ನೀರಡುಗೆಗೂ ಸೋಂಪನ್ನು ಮೊದಲು ಬೆಚ್ಚಗಿನ ಎಣ್ಣೆಗೇ ಹಾಕುತ್ತೇನೆ. ಹುರಿಯುವುದಾದರೆ ಸಣ್ಣ ಉರಿ. ಹಸಿರು ಮಾಸಿ ತಿಳಿಗಂದು ಬಣ್ಣ ಬರುತ್ತಿದ್ದಂತೆ ಬಾಣಲೆಯಿಂದ ಬೇರೆ ತಟ್ಟೆಗೆ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಹುರಿಯುತ್ತಲೇ ಇದ್ದು ಕಹಿಗಟ್ಟುತ್ತದೆ.

ಗೆಡ್ಡೆ ಸೋಂಪು ಬೇರೆ ತಳಿ. ಗೆಡ್ಡೆ ಎನ್ನುತ್ತೇವೆ, ನಿಜಕ್ಕೂ ಅದು ಉಬ್ಬಿದ ಎಲೆಬುಡ. ತೆಳ್ಳಗೆ ಹೆಚ್ಚಿ ನಿಂಬೆರಸ, ಉಪ್ಪು ಬೆರೆಸಿದರೆ ಹಸಿಯಾಗಿ ಕುರುಕುರು ತಿನ್ನಬಹುದು. ನಿಧಾನ ಬೇಯಿಸಿದರೆ ಸಿಹಿ ಏರುತ್ತದೆ, ಘಮ ಇಳಿಯುತ್ತದೆ. ಆಗ ಅದರದೇ ಗರಿಯಂಥ ಎಲೆಯನ್ನು ಕೊಚ್ಚಿ, ಒಲೆಯಿಂದ ಇಳಿಸಿದ ಮೇಲೆ ಉದುರಿಸುತ್ತೇನೆ.