ಜರ್ಮನಿಗೆ ಹೋಗುವ ಲೆಕ್ಕವನ್ನು ನಾನು ಕೆಂಪು ಪುಸ್ತಕದಲ್ಲಿ ಬರೆದೆ

ಸ್ಟುಟ್‌ಗಾರ್ಟ್ ಹತ್ತಿರದ ಕಂಪನಿಯೊಂದರಿಂದ ಆಫರ್ ಲೆಟರ್ ಬಂದದ್ದು 2024ರ ಅಕ್ಟೋಬರಿನಲ್ಲಿ, ದಸರಾ ಮುಗಿದ ವಾರ. ವರ್ಷಕ್ಕೆ 54,000 ಯೂರೋ. ಆಗ ಒಂದು ಯೂರೋಗೆ ಹೆಚ್ಚೂಕಡಿಮೆ 90 ರೂಪಾಯಿ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಮೊಬೈಲಿನಲ್ಲಿ ಗುಣಿಸಿದೆ. ತಿಂಗಳಿಗೆ ನಾಲ್ಕು ಲಕ್ಷ ಐದು ಸಾವಿರ! ಇಲ್ಲಿ ನನ್ನ ಕೈಗೆ ಬರುತ್ತಿದ್ದದ್ದು 1.45 ಲಕ್ಷ. ಮುಂದಿದ್ದ ಚಹಾ ಆರಿದ್ದು ಗೊತ್ತಾಗಲಿಲ್ಲ.

ಆ ಗುಣಾಕಾರ ಎಷ್ಟು ಮೋಸದ್ದು ಎಂದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು.

ನಾನು ಗದಗಿನವನು. ಗಾಡಿಗಳ ಬಿಡಿಭಾಗ ಒತ್ತುವ ಡೈಗಳ ಡಿಸೈನ್ ನನ್ನ ಕೆಲಸ. 2010ರಿಂದ ಪುಣೆಯಲ್ಲಿದ್ದೇನೆ, ಮನೆ ಚಿಂಚವಾಡದಲ್ಲಿ. ಹೆಂಡತಿ ಹಲ್ಲಿನ ಡಾಕ್ಟರ್. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದೇ ಕುರ್ಚಿಯ ಕ್ಲಿನಿಕ್ ಇಟ್ಟಿದ್ದಾಳೆ. ಮಗಳಿಗೆ ಆಗ ಎಂಟು ವರ್ಷ, ಮೂರನೇ ಇಯತ್ತೆ. ಅವ್ವ ಗದಗಿನಲ್ಲೇ ಒಬ್ಬಳೇ ಇರುತ್ತಾಳೆ.

ಮೊದಲು ಎಲ್ಲರಂತೆ ಎಕ್ಸೆಲ್ ಶೀಟ್ ಮಾಡಿದೆ. ಎಡಕ್ಕೆ ಲಾಭ, ಬಲಕ್ಕೆ ನಷ್ಟ. ಒಳ್ಳೆಯ ಗಾಳಿ, ಒಳ್ಳೆಯ ರಸ್ತೆ, ಒಳ್ಳೆಯ ಸಂಬಳ ಎಡಕ್ಕೆ. ಚಳಿ, ಭಾಷೆ, ಊರಿನ ದೂರ ಬಲಕ್ಕೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಕೂಡಿಸಿದರೆ ಜರ್ಮನಿ ಭರ್ಜರಿಯಾಗಿ ಗೆದ್ದಿತು. ಹೆಂಡತಿ ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು: "ಇವು ಯಾರ ಮಾರ್ಕ್ಸ್ ರೀ?"

ನನ್ನವೇ ಆಗಿದ್ದವು, ಎಲ್ಲವೂ.

ನಮ್ಮಪ್ಪ ಗದಗಿನ ಎಪಿಎಂಸಿಯಲ್ಲಿ ಹತ್ತಿ, ಶೇಂಗಾ, ಒಣಮೆಣಸಿನಕಾಯಿ ದಲಾಲಿ ಮಾಡುತ್ತಿದ್ದರು. ದೀಪಾವಳಿ ಪಾಡ್ಯಕ್ಕೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆ ಪುಸ್ತಕಕ್ಕೆ ಪೂಜೆ ಮಾಡಿ ಹೊಸ ಖಾತೆ ತೆರೆಯುತ್ತಿದ್ದರು. ಅಂಗಡಿಯಲ್ಲಿ ಕೂರಲು ಹೋದ ಹೊಸದರಲ್ಲಿ ನನಗೆ ಹೇಳಿದ್ದರು: "ಒಬ್ಬನ ಬಾಕಿ ಇನ್ನೊಬ್ಬನ ಖಾತೆಗೆ ಹಚ್ಚಬ್ಯಾಡ. ಒಟ್ಟು ಸರಿ ಬರತದ, ಅಂಗಡಿ ಮುಳಗತದ." ನನ್ನ ಎಕ್ಸೆಲ್ ಮಾಡಿದ್ದು ಅದನ್ನೇ. ಹೆಂಡತಿಯ ನಷ್ಟವನ್ನು ನನ್ನ ಲಾಭದಿಂದ ತುಂಬಿ, ಮನೆಗೆ ಲಾಭ ಅಂತ ತೋರಿಸಿತ್ತು. ಆ ದೀಪಾವಳಿಗೆ ನಾನು ಪುಣೆಯ ಪುಸ್ತಕದ ಪೇಟೆ ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಅಂಥದ್ದೇ ಒಂದು ಕೆಂಪು ಪುಸ್ತಕ ತಂದು ನಾಲ್ಕು ಖಾತೆ ತೆರೆದೆ. ನನ್ನದು, ಅವಳದು, ಮಗಳದು, ಅವ್ವನದು.

ನನ್ನ ಖಾತೆಯಲ್ಲಿ ಮೊದಲು ದುಡ್ಡು, ಎಲ್ಲ 2024ರ ದರದಲ್ಲಿ. 4,500 ಯೂರೋ ತಿಂಗಳ ಸಂಬಳದಲ್ಲಿ ಪಿಂಚಣಿಗೆ ನನ್ನ ಪಾಲು ಶೇ. 9.3, ನಿರುದ್ಯೋಗ ವಿಮೆಗೆ 1.3, ಆರೋಗ್ಯ ವಿಮೆಗೆ ಎಂಟರ ಮೇಲೆ, ಮುಪ್ಪಿನ ಆರೈಕೆಯ ವಿಮೆ ಬೇರೆ, ಆಮೇಲೆ ತೆರಿಗೆ. ಹೆಂಡತಿಗೆ ದುಡಿಮೆ ಇಲ್ಲದಿದ್ದರೆ ಗಂಡನಿಗೆ ಹಗುರಾದ ಮೂರನೇ ತೆರಿಗೆ ವರ್ಗ ಸಿಗುತ್ತದೆ. ಅದನ್ನು ಹಿಡಿದರೂ ಕೈಗೆ ಬರುವುದು 3,150ರ ಸುತ್ತ. ಮಗುವಿನ ಹೆಸರಲ್ಲಿ ಸರ್ಕಾರ ಕೊಡುವ 250 ಸೇರಿ 3,400. ನಾನು ನೋಡಿದ ಮನೆಗಳ ಬಾಡಿಗೆ, ಬಿಸಿನೀರು-ಹೀಟರ್ ಎಲ್ಲ ಹಿಡಿದು, 1,450. ಕಿರಾಣಿ 500. ಇಬ್ಬರ ರೈಲು-ಬಸ್ ಪಾಸು 98. ಕರೆಂಟು, ಇಂಟರ್ನೆಟ್, ಫೋನು 150. ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ಕಟ್ಟಲೇಬೇಕಾದ ಪ್ರಸಾರ ಶುಲ್ಕ 18.36. ಶಾಲೆ ಬಿಟ್ಟ ಮೇಲೆ ಮಗು ನೋಡಿಕೊಳ್ಳುವವರಿಗೆ, ಚಳಿಬಟ್ಟೆಗೆ, ಸಣ್ಣಪುಟ್ಟ ವಿಮೆಗೆ 200. ವರ್ಷಕ್ಕೊಮ್ಮೆ ಮೂವರು ಊರಿಗೆ ಬಂದು ಹೋಗಲು ತಿಂಗಳಿಗೆ 200 ಎತ್ತಿಡಬೇಕು. ಇನ್ನೊಂದು ನೂರು ಎಲ್ಲಿ ಹೋಯಿತು ಅಂತ ಗೊತ್ತಾಗದ್ದು. ಉಳಿಯುವುದು 680, ಅಂದರೆ 61,000 ರೂಪಾಯಿ. ಅದರಲ್ಲಿ ಚಿಂಚವಾಡದ ಫ್ಲಾಟಿನ ಸಾಲದ ಕಂತು 52,000. ಫ್ಲಾಟಿಗೆ ಬಾಡಿಗೆ ಬಂದರೆ 24,000, ಮಿಕ್ಕ 28,000 ನಾನೇ ಹಾಕಬೇಕು. ಅವ್ವನಿಗೆ ಕಳಿಸುವ 15,000 ಕಳೆದರೆ ಕೈಯಲ್ಲಿ 18,000.

ಪುಣೆಯಲ್ಲಿ? ಕ್ಲಿನಿಕ್ಕಿನ 65,000 ಸೇರಿ 2.10 ಲಕ್ಷ ಬಂದು, ಕಂತು, ಶಾಲೆ, ಅವ್ವ, ಮನೆಖರ್ಚು, ವಿಮೆ ಎಲ್ಲ ಹೋಗಿ 65,000 ಉಳಿಯುತ್ತಿತ್ತು. ಮೂರು ಸಲ ಕೂಡಿಸಿದೆ. ಸಂಬಳ ಸುಮಾರು ಮೂರುಪಟ್ಟು, ಉಳಿತಾಯ ಮೂರನೇ ಒಂದು ಪಾಲೂ ಇಲ್ಲ. ಒಬ್ಬರೇ ದುಡಿಯುವ ಮನೆಯ ಲೆಕ್ಕ ಇದು. ಮದುವೆಯಾಗದ ಹುಡುಗನ ಲೆಕ್ಕ ಬೇರೆಯೇ ಬರುತ್ತದೆ. ನಮ್ಮ ಆಫೀಸಿನ ಇಬ್ಬರು ಹೋಗಿ ಚೆನ್ನಾಗಿದ್ದಾರೆ.

ದುಡ್ಡಿನ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಬರೆಯಲು ಸಾಧ್ಯವಾದದ್ದು ಅದೇ ವರ್ಷದ ಫೆಬ್ರುವರಿಯಿಂದ ಮೂರು ತಿಂಗಳು ಕಂಪನಿ ಕೆಲಸಕ್ಕೆ ಎಸ್‌ಲಿಂಗನ್‌ನಲ್ಲಿ ಇದ್ದು ಬಂದಿದ್ದರಿಂದ. ನೆಕ್ಕರ್ ನದಿ ದಂಡೆಯ, ಮರದ ಚೌಕಟ್ಟಿನ ಹಳೇ ಮನೆಗಳ ಊರು. ಸಂಜೆ ನಾಲ್ಕೂವರೆಗೆ ಆಫೀಸು ಖಾಲಿ. ಆಮೇಲೆ ಯಾರೂ ಫೋನ್ ಮಾಡುವುದಿಲ್ಲ, ಮಾಡಿದರೆ ಅವರೇ ಕ್ಷಮೆ ಕೇಳುತ್ತಾರೆ. ಆಫರ್‌ನಲ್ಲಿ ವರ್ಷಕ್ಕೆ 30 ದಿನ ರಜೆ ಇತ್ತು. ಜಡ್ಡಾಗಿ ಮಲಗಿದರೆ ಆರು ವಾರ ಪೂರ್ತಿ ಸಂಬಳ ಕೊಡಬೇಕು ಎಂಬುದು ಅಲ್ಲಿಯ ಕಾನೂನು. ಇಲ್ಲಿ ಚಿಂಚವಾಡದಿಂದ ಚಾಕಣಕ್ಕೆ ಇಪ್ಪತ್ತು ಕಿಲೋಮೀಟರು, ಕಂಪನಿ ಬಸ್ಸಿನಲ್ಲಿ ದಿನಕ್ಕೆ ಎರಡೂವರೆ ತಾಸು. ಅಲ್ಲಿ ಎಸ್-ಬಾನ್ ರೈಲಿನಲ್ಲಿ ಹೋಗಲು 35 ನಿಮಿಷ, ಬರಲು 35 ನಿಮಿಷ. ವರ್ಷಕ್ಕೆ ಮುನ್ನೂರೈವತ್ತು ತಾಸು ಜಮಾ ಎಂದು ಬರೆದೆ. ಇಡೀ ಪುಸ್ತಕದಲ್ಲಿ ನನಗೆ ಹೊಟ್ಟೆ ಉರಿಸಿದ ಸಾಲು ಅದೊಂದೇ. ಈಗಲೂ ಉರಿಸುತ್ತದೆ.

ಖರ್ಚಿನ ಕಡೆ ಚಳಿ ಬರೆದಿರಲಿಲ್ಲ, ಚಳಿ ಅಂಥದ್ದೇನಲ್ಲ. ಬರೆದದ್ದು ಒಂದು ಸಣ್ಣ ಹಲಗೆಯನ್ನು. ಆ ಸೀಮೆಯಲ್ಲಿ ಕೇರ್‌ವೊಖೆ ಎಂಬ ಪದ್ಧತಿ ಇದೆ, ಗುಡಿಸುವ ವಾರ. ಬಾಡಿಗೆದಾರರು ಸರದಿ ಮೇಲೆ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸಬೇಕು. ಯಾರ ಬಾಗಿಲಿಗೆ ಹಲಗೆ ತೂಗುತ್ತದೋ ಆ ವಾರ ಅವರದು. ನನ್ನ ಬಾಗಿಲಿಗೆ ಬಂದಾಗ ಅದು ಅಲಂಕಾರಕ್ಕೆ ಅಂದುಕೊಂಡೆ. ಶನಿವಾರ ಎದುರುಮನೆ ಮುದುಕಿ ಬಂದು, ನನ್ನನ್ನು ನೋಡಿ ನಕ್ಕು, ಒಂದೂ ಮಾತಾಡದೆ ಮೂರೂ ಅಂತಸ್ತು ಗುಡಿಸಿದಳು. ಹಲಗೆ ಮುಂದಿನ ಮನೆಗೆ ಹೋಗಲಿಲ್ಲ, ಮರುವಾರವೂ ನನ್ನ ಬಾಗಿಲಲ್ಲೇ ತೂಗಿತು. ನಮ್ಮ ಸೊಸೈಟಿಯಲ್ಲಾಗಿದ್ದರೆ ಯಾರಾದರೂ ಬೆಲ್ ಒತ್ತಿ ಬೈದು, ಹತ್ತು ನಿಮಿಷಕ್ಕೆ ಚಹಾ ಕುಡಿದು ಹೋಗುತ್ತಿದ್ದರು. ಬೈಯದೆ ತಿದ್ದುವ ಊರಿನಲ್ಲಿ ನಾನು ಎಷ್ಟು ವರ್ಷ ಇದ್ದರೂ ಬಾಗಿಲು ತೆರೆಯುವ ಮುಂಚೆ ಹಲಗೆ ನೋಡುತ್ತಲೇ ಇರುತ್ತೇನೆ ಅನ್ನಿಸಿತು.

ಹೆಂಡತಿಯ ಖಾತೆ ಅವಳೇ ಬರೆದಳು. ನನಗೆ ಬೇಕಾದ ಬ್ಲೂ ಕಾರ್ಡಿಗೆ, ಅಂದರೆ ಓದಿದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿಗೆ, ಜರ್ಮನ್ ಭಾಷೆಯ ಷರತ್ತಿಲ್ಲ. ಆ ವರ್ಷದ ಸಂಬಳದ ಮಿತಿ 45,300 ಇತ್ತು, ಆಫರ್ ಅದರ ಮೇಲೇ ಇತ್ತು. ಬ್ಲೂ ಕಾರ್ಡಿನವನ ಹೆಂಡತಿಗೂ ಭಾಷೆಯ ಪರೀಕ್ಷೆ ಬೇಡ, ಯಾವ ಕೆಲಸವಾದರೂ ಮಾಡಬಹುದು. ಕೇಳಲು ಎಷ್ಟು ಚೆಂದ! ಆದರೆ ಹಲ್ಲಿನ ವೈದ್ಯಕೀಯ ಅಲ್ಲಿ ಲೈಸೆನ್ಸಿನ ಕೆಲಸ. ಅಪ್ರೊಬಾಟ್ಸಿಯೋನ್ ಅಂತಾರೆ. ಮೊದಲು ಬಿ2 ಮಟ್ಟದ (ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ನಾಲ್ಕನೆಯದು) ಜರ್ಮನ್, ಆಮೇಲೆ ವೈದ್ಯರ ಮುಂದೆ ಕೂತು ಸಿ1 ಮಟ್ಟದ ವೃತ್ತಿಭಾಷೆಯ ಪರೀಕ್ಷೆ, ನಮ್ಮ ಬಿಡಿಎಸ್ ಅವರದಕ್ಕೆ ಸಮ ಅಲ್ಲ ಅಂದರೆ ಅದರ ಮೇಲೊಂದು ಜ್ಞಾನ ಪರೀಕ್ಷೆ. ನಡುವೆ ತಾತ್ಕಾಲಿಕ ಪರವಾನಗಿ ಸಿಕ್ಕರೆ ಇನ್ನೊಬ್ಬರ ಕೈಕೆಳಗೆ ಕೆಲಸ. ಒಂದಕ್ಷರ ಜರ್ಮನ್ ಬಾರದ ಕಡೆಯಿಂದ ಶುರು ಮಾಡಿದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲ ಎಂದು ಲೆಕ್ಕ ಹಾಕಿದಳು.

2017ರಲ್ಲಿ ತೆರೆದ ಕ್ಲಿನಿಕ್. ಕುರ್ಚಿಯ ಸಾಲ ತೀರಿದ್ದೇ ಹಿಂದಿನ ವರ್ಷ. ಆಳಂದಿಯಿಂದ ಎರಡು ಬಸ್ ಬದಲಿಸಿ ಬರುವ ಅಜ್ಜಿಯರಿದ್ದಾರೆ, ಕಟ್ಟಿಸಿದ ಹಲ್ಲಿನ ಸೆಟ್ಟು ಕೂರದಿದ್ದರೆ ಚೀಲದಲ್ಲಿ ಹಾಕಿಕೊಂಡು ಬಂದು ಟೇಬಲ್ ಮೇಲಿಡುತ್ತಾರೆ. ಖರ್ಚಿನ ಕಡೆ ಅವಳು ಬರೆದದ್ದು: "ಮೂರು ವರ್ಷ ನಾ ಯಾರೂ ಅಲ್ಲ." ಜಮಾ ಕಡೆ ಒಂದೇ ಸಾಲು: "ರಾತ್ರಿ ಹನ್ನೊಂದಕ್ಕ ಒಬ್ಬಾಕಿನ ರೈಲಿನ್ಯಾಗ ಬರಬಹುದು."

ಮಗಳ ಖಾತೆ ಸಣ್ಣದು ಅಂದುಕೊಂಡಿದ್ದೆ. ಶಾಲೆಗೆ ಫೀ ಇಲ್ಲ, ಆಟದ ಮೈದಾನ ಇದೆ. ಆದರೆ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ನಾಲ್ಕನೇ ತರಗತಿ ಮುಗಿಯುತ್ತಲೇ ಮಕ್ಕಳನ್ನು ಗಿಮ್ನಾಸಿಯುಮ್, ರಿಯಾಲ್‌ಶೂಲೆ ಎಂದು ಬೇರೆಬೇರೆ ಶಾಲೆಗೆ ಕಳಿಸುತ್ತಾರೆ. ನೇರವಾಗಿ ಯೂನಿವರ್ಸಿಟಿಗೆ ಒಯ್ಯುವ ದಾರಿ ಮೊದಲಿನದು. ಆಮೇಲೆ ದಾಟಿಕೊಳ್ಳಲು ಅವಕಾಶವಿದೆ, ಆದರೆ ಕಷ್ಟ. ನಮ್ಮ ಹುಡುಗಿ ಹೋಗಿ ಇಳಿಯುವುದು ಸರಿಯಾಗಿ ಆ ಕತ್ತರಿಯ ಬಾಯಿಗೆ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಗು ನಾಲ್ಕನೇ ಭಾಷೆಯನ್ನು ಒಂದು ವರ್ಷದಲ್ಲಿ ಕಲಿತು ಆ ಭಾಷೆಯಲ್ಲೇ ಗಣಿತ ಬಿಡಿಸಬೇಕು. ಐದು ವರ್ಷದವಳಿದ್ದಾಗ ಹೋಗಿದ್ದರೆ ಈ ಸಾಲೇ ಇರುತ್ತಿರಲಿಲ್ಲ.

ಈ ನಡುವೆ ಪುಣೆಯ ಒಬ್ಬ ಏಜೆಂಟನ ಬಳಿಯೂ ಹೋಗಿದ್ದೆ. ಆಫರ್ ಬಿಡಿ, ಆಪರ್ಚುನಿಟಿ ಕಾರ್ಡಿನ ಮೇಲೆ ಕಳಿಸುತ್ತೇನೆ, ಒಂದೂವರೆ ಲಕ್ಷ ಅಂದ. 2024ರ ಜೂನ್‌ನಲ್ಲಿ ಶುರುವಾದ ಆ ಕಾರ್ಡು ಕೆಲಸ ಹುಡುಕಿಕೊಳ್ಳಲು ಕೊಡುವ ಪರವಾನಗಿ, ಅರ್ಜಿಯ ಶುಲ್ಕ 75 ಯೂರೋ. ಎಲ್ಲ ವಿವರ ಅವರ ಸರ್ಕಾರದ 'ಮೇಕ್ ಇಟ್ ಇನ್ ಜರ್ಮನಿ' ಪೋರ್ಟಲಿನಲ್ಲೇ ಇದೆ. ಚಹಾ ಕುಡಿದು ಎದ್ದು ಬಂದೆ.

ಕೊನೆಗೆ ಅವ್ವನ ಖಾತೆ.

ನಾನು ಎಸ್‌ಲಿಂಗನ್‌ನಲ್ಲಿದ್ದಾಗ, ಮಾರ್ಚಿನಲ್ಲಿ, ಅವ್ವ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು. ಹೆಂಡತಿ ಕ್ಲಿನಿಕ್ಕಿಗೆ ಬೀಗ ಹಾಕಿ, ಮಗಳನ್ನು ಕಟ್ಟಿಕೊಂಡು ರಾತ್ರಿ ಬಸ್ ಹತ್ತಿ ಬೆಳಗಾಗುವುದರಲ್ಲಿ ಗದಗಿನಲ್ಲಿದ್ದಳು. ನಾನು ಅಂದೇ ಹೊರಟಿದ್ದರೂ ಫ್ರಾಂಕ್‌ಫರ್ಟ್, ಮುಂಬೈ, ಹುಬ್ಬಳ್ಳಿ ಹಿಡಿದು ಒಂದು ದಿನದ ಮೇಲಾಗುತ್ತಿತ್ತು. ಫೋನಿನಲ್ಲಿ ಅವ್ವ ನಗುತ್ತಿದ್ದಳು: "ಕೈ ಅಷ್ಟ ಮುರದದ ತಮ್ಮಾ, ಬಾಯಿ ಛಲೋ ಐತಿ." ಹೊರಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಬೀಳುತ್ತಿತ್ತು.

ತಂದೆ-ತಾಯಿಯನ್ನು ಕರೆದೊಯ್ಯಲು ಜರ್ಮನಿ ಹಿಂದೆ ಬಿಡುತ್ತಿರಲಿಲ್ಲ ಎಂದೇ ಹೇಳಬೇಕು. 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ಪರವಾನಗಿ ಪಡೆದ ನುರಿತ ಕೆಲಸಗಾರರಿಗೆ ಆ ದಾರಿ ತೆರೆದಿದೆ. ಆದರೆ ಅವರ ಖರ್ಚೂ ಆರೋಗ್ಯ ವಿಮೆಯೂ ನಮ್ಮದೇ. ಸಕ್ಕರೆ ಕಾಯಿಲೆ ಇರುವ 71ರ ಮುದುಕಿಗೆ ವಿಮೆ ಕೊಡುವವರು ಯಾರು? ಅವ್ವನಿಗೆ ಇದನ್ನೆಲ್ಲ ವಿವರಿಸಿ, ಎರಡೇ ವರ್ಷದ ಮಾತು, ಹೋಗಿ ಬರುತ್ತೇವೆ ಅಂದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು.

"ಪುಣಾಕ್ಕ ಹೋಗುಮುಂದನೂ ಎರಡ ವರ್ಷ ಅಂದಿದ್ದಿ."

ಹದಿನಾಲ್ಕು ವರ್ಷವಾಗಿತ್ತು.

ಅಂದು ರಾತ್ರಿ ಪುಸ್ತಕದಲ್ಲಿ ಎಲ್ಲರ ಖಾತೆಯನ್ನೂ ಮೂರು ಸಲ ಬರೆದೆ, ಎರಡು ವರ್ಷಕ್ಕೆ, ಐದು ವರ್ಷಕ್ಕೆ, ಮಗಳ ಹನ್ನೆರಡನೇ ತರಗತಿ ಮುಗಿಯುವವರೆಗೆ. ಎರಡು ವರ್ಷದ್ದು ಶುದ್ಧ ನಷ್ಟ. ಮೂರು ತಿಂಗಳ ಬಾಡಿಗೆಯಷ್ಟು ಡಿಪಾಜಿಟ್ಟು, ವಿಮಾನ, ಮುಚ್ಚಿದ ಕ್ಲಿನಿಕ್. ಅಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಗೋಡೆಯಿಂದ ಹೊರಬಂದ ಎರಡು ಪೈಪು ಮಾತ್ರ. ಕಟ್ಟೆ, ಸಿಂಕು, ಒಲೆ ಎಲ್ಲ ನಾವೇ ಕೊಂಡು ಹಾಕಿಸಬೇಕು. ಐದು ವರ್ಷಕ್ಕೆ ಲೆಕ್ಕ ಸಮಕ್ಕೆ ಬರುತ್ತದೆ, ಹೆಂಡತಿ ನಾಲ್ಕನೇ ವರ್ಷ ದುಡಿಯಲು ಶುರು ಮಾಡಿದರೆ. ಅಷ್ಟರಲ್ಲಿ 60 ತಿಂಗಳ ವಂತಿಗೆ ತುಂಬಿ ಅಲ್ಲಿಯ ಪಿಂಚಣಿಯ ಹಕ್ಕೂ ಬಂದಿರುತ್ತದೆ. ಬಿ1 ಜರ್ಮನ್ ಇದ್ದರೆ ಬ್ಲೂ ಕಾರ್ಡಿನವರಿಗೆ 21 ತಿಂಗಳಲ್ಲೇ ಕಾಯಂ ವಾಸದ ಪರವಾನಗಿ, ಐದು ವರ್ಷಕ್ಕೆ ಪೌರತ್ವಕ್ಕೂ ಅರ್ಜಿ ಹಾಕಬಹುದು. ಎರಡು ಪಾಸ್‌ಪೋರ್ಟಿಗೆ ಜರ್ಮನಿ ಈಗ ಒಪ್ಪುತ್ತದೆ, ನಮ್ಮ ದೇಶ ಒಪ್ಪುವುದಿಲ್ಲ. ಹನ್ನೆರಡನೇ ತರಗತಿಯ ಲೆಕ್ಕದಲ್ಲಿ ದುಡ್ಡು ನಿಚ್ಚಳ ಲಾಭ. ಆದರೆ ಆ ಹೊತ್ತಿಗೆ ಮಗಳು ವಾಪಸ್ ಬರುವವಳಲ್ಲ, ಅವಳಿದ್ದಲ್ಲಿ ನಾವು. ಗದಗಿನ ನಾಲ್ಕೆಕರೆ ಎರಿ ಹೊಲ ಅನಿವಾಸಿಯಾದರೂ ವಾರಸುದಾರಿಕೆಯಲ್ಲಿ ನನಗೆ ಬರುತ್ತದೆ, ಪಕ್ಕದ ಒಂದೆಕರೆ ಕೊಳ್ಳಬೇಕೆಂದರೆ ಆಗ ಸಾಧ್ಯವಿಲ್ಲ.

ಅಂದರೆ ಎರಡು ವರ್ಷದ ಜರ್ಮನಿ ಎಂಬುದು ಇರಲೇ ಇಲ್ಲ. ಇದ್ದದ್ದು ಪೂರ್ತಿ ಹೋಗುವುದು ಇಲ್ಲ ಬಿಡುವುದು. ಪೂರ್ತಿ ಹೋಗುವುದಾದರೆ ನಾಲ್ಕು ಖಾತೆಯಲ್ಲಿ ಒಂದು ಮಾತ್ರ ಮೊದಲ ವರ್ಷದಿಂದಲೇ ಜಮಾ ತೋರಿಸುತ್ತಿತ್ತು, ನನ್ನದು.

ಡಿಸೆಂಬರಿನಲ್ಲಿ ಬೇಡ ಎಂದು ಮೇಲ್ ಬರೆದೆ. ಅವರಿಂದ ಮರುದಿನವೇ ಎರಡು ಸಾಲಿನ ಉತ್ತರ ಬಂತು, ಶುಭವಾಗಲಿ ಅಂತ. ವಾರವಿಡೀ ನಾನು ಮನೆಯಲ್ಲಿ ಸರಿಯಾಗಿ ಮಾತಾಡಲಿಲ್ಲ. ಚಾಕಣದ ತಳೇಗಾಂವ್ ಚೌಕದಲ್ಲಿ ಬಸ್ಸು ನಿಂತಾಗಲೆಲ್ಲ ಮುನ್ನೂರೈವತ್ತು ತಾಸು ನೆನಪಾಗುತ್ತಿತ್ತು.

2025ರ ಜೂನ್‌ನಲ್ಲಿ ಹೆಂಡತಿ ಯಾರಿಗೂ ಹೇಳದೆ ಜರ್ಮನ್ ಕ್ಲಾಸಿಗೆ ಸೇರಿ ಬಂದಳು. ನನಗೆ ಸಿಟ್ಟೇ ಬಂತು.

"ಮತ್ತ ಅವಾಗ್ಯಾಕ ಬ್ಯಾಡ ಅಂದಿ?"

"ನಾ ಬ್ಯಾಡ ಅಂದದ್ದು ನಿಮ್ಮ ನೌಕರಿಗೆ ರೀ. ನನ್ನ ಖಾತಿ ನಾ ನೋಡ್ಕೋತೀನಿ."

ಶನಿವಾರ ಕ್ಲಾಸಿಗೆ ಸ್ಕೂಟರಿನಲ್ಲಿ ಬಿಡುವುದು ನನ್ನ ಕೆಲಸ. ಹಿಂದೆ ಕೂತು ಕ್ರಿಯಾಪದ ಬಾಯಿಪಾಠ ಮಾಡುತ್ತಾಳೆ, ಸಿಗ್ನಲ್ಲಿನಲ್ಲಿ ಪಕ್ಕದ ರಿಕ್ಷಾದವರು ತಿರುಗಿ ನೋಡುತ್ತಾರೆ. ಕೆಂಪು ಪುಸ್ತಕದಲ್ಲಿ "ಮೂರು ವರ್ಷ" ಎಂದಿದ್ದಲ್ಲಿ ಪೆನ್ಸಿಲಿನಿಂದ ಗೀಟು ಹೊಡೆದು "ಎರಡೂವರೆ" ಮಾಡಿದ್ದಾಳೆ.