ಬಾವಿಯ ಅಳತೆಯಿಂದ ಗ್ರಾಮಸಭೆಯವರೆಗೆ: ಊರಿನ ಹಿತಕ್ಕಾಗಿ ದತ್ತಾಂಶ ವಿಜ್ಞಾನವನ್ನು ಕಲಿಸುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಯಲ್ಲೋ ಕಾಲೇಜಿನಲ್ಲೋ ದತ್ತಾಂಶ ವಿಜ್ಞಾನವನ್ನು (ಅಂಕಿಅಂಶಗಳನ್ನು ಕಲೆಹಾಕಿ ಅವುಗಳಿಂದ ಉತ್ತರ ಹುಡುಕುವ ವಿದ್ಯೆಯನ್ನು) ಸಾರ್ವಜನಿಕ ಹಿತಕ್ಕೆ ಬಳಸುವ ತರಬೇತಿಯನ್ನು ಆರಂಭಿಸಬೇಕೆಂದಿರುವ ಅಧ್ಯಾಪಕರು, ಕಂಪ್ಯೂಟರಿನ ಮುಂದೆ ಕೂರುವ ಮೊದಲೇ, ವಿದ್ಯಾರ್ಥಿಗಳ ಲೆಕ್ಕವನ್ನು ಕೈಗೆತ್ತಿಕೊಂಡು ಏನಾದರೂ ಮಾಡಬಲ್ಲವರು ಯಾರೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. 2013ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ರಯೀದ್ ಘನಿ ಅವರ ನೇತೃತ್ವದಲ್ಲಿ ಆರಂಭವಾದ ‘ಡೇಟಾ ಸೈನ್ಸ್ ಫಾರ್ ಸೋಷಿಯಲ್ ಗುಡ್’ ಎಂಬ ಬೇಸಗೆ ತರಬೇತಿಯು ವಿದ್ಯಾರ್ಥಿಗಳ ತಂಡಗಳನ್ನು ಸರಕಾರಿ ಇಲಾಖೆಗಳಿಗೂ ಸೇವಾ ಸಂಸ್ಥೆಗಳಿಗೂ ಜೋಡಿಸಿ, ಅವುಗಳ ಎದುರಿಗಿದ್ದ ನಿಜವಾದ ಸಮಸ್ಯೆಯ ಮೇಲೆಯೇ ದುಡಿಸಿತು. ನಮ್ಮಲ್ಲಿ ಆ ಜಾಗದಲ್ಲಿ ಗ್ರಾಮ ಪಂಚಾಯತು ಇದೆ. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯಂತೆ ಪ್ರತಿಯೊಂದು ವಾರ್ಡಿನ ಗ್ರಾಮಸಭೆಯು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕಾದುದರಿಂದ, ತರಬೇತಿಯ ಕೆಲಸ ಎಂದಿಗೆ ಮುಗಿಯಬೇಕೆಂಬ ಗಡುವೂ ಅಲ್ಲಿಂದಲೇ ಸಿಗುತ್ತದೆ.

ಪ್ರಶ್ನೆಯನ್ನು ಆಯುವಾಗ ನೀರಿನಿಂದ ತೊಡಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ, ಮುರಕಲ್ಲಿನ ನೆಲವು ನೀರನ್ನು ಬೇಗನೆ ಬಿಟ್ಟುಕೊಡುವುದರಿಂದಲೂ ಹೊಳೆಗಳು ಗಿಡ್ಡವಾಗಿರುವುದರಿಂದಲೂ, ಏಪ್ರಿಲ್ ಬಂದಾಗ ಬಾವಿಗಳ ತಳ ಕಾಣುತ್ತದೆ. ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ಇಲ್ಲಿ ಹುಟ್ಟಿಕೊಂಡುದೂ ಇಂಥ ನೆಲದಲ್ಲಿಯೇ. ಆದರೆ ‘ನೀರಿನ ಅಭಾವ ಏಕೆ’ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಪ್ರಬಂಧವೊಂದು ಬರೆದು ಬರುತ್ತದೆ, ಅಷ್ಟೆ. ‘ನಮ್ಮ ವಾರ್ಡಿನ ಯಾವ ಬಾವಿಗಳು ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಮೊದಲೇ ಬತ್ತುತ್ತವೆ, ಯಾವುವು ಮೇ ಕೊನೆಯ ಪತ್ತನಾಜೆಯವರೆಗೆ ತಾಳುತ್ತವೆ’ ಎಂದು ಕೇಳಿದರೆ ಅಳೆಯಲು ಹೊರಡಬೇಕಾಗುತ್ತದೆ.

ಅಳತೆಯ ಕ್ರಮವನ್ನು ಮೊದಲ ದಿನವೇ ಬರೆದಿಡಿಸಬೇಕು. ಬಾವಿಕಟ್ಟೆಯ ಅಂಚಿನಲ್ಲಿ ಬಣ್ಣದಿಂದ ಒಂದು ಗುರುತು ಹಾಕಿ, ಪ್ರತಿ ವಾರವೂ ಅಲ್ಲಿಂದಲೇ ಟೇಪು ಇಳಿಸಬೇಕು. ಕಟ್ಟೆಯ ಎತ್ತರವನ್ನು ಕಳೆದು ನೆಲಮಟ್ಟದಿಂದ ನೀರಿಗಿರುವ ಆಳವನ್ನು ದಾಖಲಿಸಬೇಕು. ಮನೆಯವರು ಬೆಳಗ್ಗೆ ಪಂಪು ಹಾಕುವ ಮೊದಲೇ ಅಳೆಯಬೇಕು, ಇಲ್ಲವಾದರೆ ನಮಗೆ ಸಿಗುವುದು ತೋಟಕ್ಕೆ ನೀರು ಬಿಟ್ಟ ಲೆಕ್ಕವೇ ಹೊರತು ಬಾವಿಯದಲ್ಲ. ಮಳೆಯನ್ನೂ ಅಳೆಯುವುದಾದರೆ ಹವಾಮಾನ ಇಲಾಖೆಯ ರೂಢಿಯಂತೆ ಬೆಳಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳ ಮಳೆಯೆಂದು ಬರೆದರೆ ಮಾತ್ರ ಇಲಾಖೆಯ ಅಂಕಿಗಳೊಂದಿಗೆ ಅದನ್ನು ಹೋಲಿಸಬಹುದು.

ಒಂದು ಸಣ್ಣ ಸಂಗತಿಯ ಮೇಲೆ ಇಡೀ ತರಗತಿಯನ್ನು ನಿಲ್ಲಿಸಿದರೂ ನಷ್ಟವಿಲ್ಲ. ಬಾವಿ ಬತ್ತಿದ ವಾರ ವಿದ್ಯಾರ್ಥಿಯು ‘ನೀರಿಲ್ಲ’ ಎಂಬರ್ಥದಲ್ಲಿ ಸೊನ್ನೆ ಬರೆಯುತ್ತಾನೆ. ನಮ್ಮ ಕೋಷ್ಟಕದಲ್ಲಿರುವುದು ನೆಲದಿಂದ ನೀರಿಗಿರುವ ಆಳವಾದುದರಿಂದ, ಸೊನ್ನೆಯೆಂದರೆ ನೀರು ನೆಲಮಟ್ಟಕ್ಕೆ ಬಂದಿದೆ ಎಂದಾಗುತ್ತದೆ! ಆ ವಾರ ಯಾರೂ ಅಳೆಯಲು ಹೋಗದಿದ್ದಾಗಲೂ ಸೊನ್ನೆಯೇ ಬಿದ್ದರೆ, ಬತ್ತಿದ ಬಾವಿ, ತುಂಬಿದ ಬಾವಿ, ಅಳೆಯದ ಬಾವಿ ಮೂರೂ ಒಂದೇ ಆಗಿ, ಸರಾಸರಿ ತೆಗೆದವನಿಗೆ ಬೇಸಗೆಯಲ್ಲಿ ನೀರು ಏರಿದಂತೆ ಕಾಣುತ್ತದೆ. ಆದ್ದರಿಂದ ಬತ್ತಿದುದಕ್ಕೆ ಬೇರೆಯೇ ಒಂದು ಕಾಲಂ, ಅಳೆಯದಿದ್ದುದಕ್ಕೆ ಕೋಷ್ಟಕದಲ್ಲಿ ಖಾಲಿ ಚೌಕ ಎಂದು ನಿಯಮ ಮಾಡಬೇಕು. ಯಂತ್ರಕಲಿಕೆಯ (ಅಂಕಿಗಳಿಂದ ಕಂಪ್ಯೂಟರೇ ಕಲಿತುಕೊಳ್ಳುವ ವಿಧಾನದ) ದೊಡ್ಡ ದೊಡ್ಡ ಯೋಜನೆಗಳು ಎಡವುವುದೂ ಹೆಚ್ಚಾಗಿ ಇಂಥ ಕಡೆಯಲ್ಲಿಯೇ.

ಸಾಧನಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಶಾಲೆಗಳ ತಂತ್ರಜ್ಞಾನವನ್ನು ನೋಡಿಕೊಳ್ಳುವ ಸರಕಾರದ ಕೈಟ್ ಸಂಸ್ಥೆ ಒದಗಿಸಿರುವ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶ ಇದೆ, ಅದರಲ್ಲಿ ಕೋಷ್ಟಕ ಮಾಡಲು ಲಿಬ್ರೆಆಫೀಸ್ ಇದೆ. ಶಾಲೆಗಳಲ್ಲಿ 2018ರಿಂದ ನಡೆಯುತ್ತಿರುವ ಲಿಟಲ್ ಕೈಟ್ಸ್ ಎಂಬ ಕಂಪ್ಯೂಟರ್ ಕೂಟದ ಮಕ್ಕಳಿಗೆ ಅವುಗಳ ಪರಿಚಯವೂ ಇದೆ. ಮೊದಲ ವರ್ಷಕ್ಕೆ ಅದು ಧಾರಾಳವಾಯಿತು. ಸರಾಸರಿಗಿಂತ ಮೊದಲು ಮಧ್ಯಾಂಕವನ್ನು (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವುದನ್ನು) ಕಲಿಸಿ, ನಕ್ಷೆಗೆ ಕ್ಯೂಜಿಐಎಸ್ ಎಂಬ ತಂತ್ರಾಂಶವನ್ನು ಬಳಸಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಎರಡನೆಯ ವರ್ಷಕ್ಕೆ ಉಳಿಸಿಕೊಳ್ಳಬಹುದು.

ಗಡಿನಾಡಿನಲ್ಲಿ ಕಲಿಸುವವರಿಗೆ ಬೇರೆ ಕಡೆಯವರಿಗಿಲ್ಲದ ತೊಡಕೊಂದಿದೆ. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೂಲಕ ಹರಿದು ಬರುವ ಪಯಸ್ವಿನಿಯೇ ನಮ್ಮ ಚಂದ್ರಗಿರಿ ಹೊಳೆಯಾಗಿರುವಾಗ, ಮೇಲ್ಭಾಗದ ಮಳೆಯ ದಾಖಲೆ ಕರ್ನಾಟಕದ ವಿಕೋಪ ಉಸ್ತುವಾರಿ ಕೇಂದ್ರದಲ್ಲಿಯೂ ಕೆಳಭಾಗದ್ದು ಕೇರಳದ ಕಡತಗಳಲ್ಲಿಯೂ ಇರುತ್ತದೆ. ಆರೋಗ್ಯದ ವಿಷಯದಲ್ಲಂತೂ ಇದು ಇನ್ನೂ ತೀವ್ರ: 2020ರ ಮಾರ್ಚಿನಲ್ಲಿ ಕಾಸರಗೋಡಿಗೂ ಮಂಗಳೂರಿಗೂ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ, ಇಲ್ಲಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ಎಷ್ಟು ನೆಚ್ಚಿಕೊಂಡಿದ್ದರೆಂಬುದು ಎಲ್ಲರಿಗೂ ಗೊತ್ತಾಯಿತು. ಒಂದೇ ರಾಜ್ಯದ ಪಟ್ಟಿಯನ್ನು ಹಿಡಿದು ಹೊರಟವನಿಗೆ ಕಾಸರಗೋಡು ಅರ್ಧವೇ ಕಾಣುತ್ತದೆಂದು ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಊರಿನ ಹೆಸರು ಕನ್ನಡ, ಮಲಯಾಳ, ಇಂಗ್ಲಿಷಿನ ಕಡತಗಳಲ್ಲಿ ಬೇರೆಬೇರೆಯಾಗಿ ಬರುವುದರಿಂದ, ಕೋಷ್ಟಕಗಳನ್ನು ಜೋಡಿಸುವಾಗ ಹೆಸರನ್ನು ನಂಬದೆ, ಕೇಂದ್ರ ಸರಕಾರದ ಸ್ಥಳೀಯಾಡಳಿತ ಕೋಶವು (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಪ್ರತಿ ಪಂಚಾಯತಿಗೂ ಕೊಟ್ಟಿರುವ ಸಂಕೇತ ಸಂಖ್ಯೆಯನ್ನು ಬಳಸಬೇಕು. ಬೇಕಾದ ಮಾಹಿತಿ ಪ್ರಕಟವಾಗಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿಸಬಹುದು. 30 ದಿನಗಳ ಕಾಯುವಿಕೆಯನ್ನು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಕೊಂಡಿರಬೇಕು.

ಎಂಡೋಸಲ್ಫಾನ್ ವಿಷಯವನ್ನು ತೆಗೆದುಕೊಳ್ಳೋಣವೆಂದು ಉತ್ಸಾಹಿಗಳು ಕೇಳುವುದುಂಟು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ಕೀಟನಾಶಕವನ್ನು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆದುದು 2011ರಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಮೊದಲಾದೆಡೆಯ ಮನೆಗಳಿಗೆ ಕಾಯಿಲೆಯ ಲೆಕ್ಕ ಕೇಳುವವರು ಅದಕ್ಕೆ ಎಷ್ಟೋ ಮೊದಲಿನಿಂದಲೂ ಬರುತ್ತಲೇ ಇದ್ದಾರೆ. ಪ್ರಕಟಿತ ವರದಿಗಳನ್ನು ಓದಿಸಿ ಚರ್ಚಿಸುವುದು ಸರಿ. ಹೊಸ ಪ್ರಶ್ನಾವಳಿ ಹಿಡಿದ ವಿದ್ಯಾರ್ಥಿಗಳನ್ನು ಆ ಮನೆಗಳಿಗೆ ಕಳುಹಿಸುವುದು ಸರಿಯಲ್ಲ. ಹೆಸರನ್ನು ಅಳಿಸಿದರೆ ಸಾಕೆಂಬುದು ಭ್ರಮೆ, ಏಕೆಂದರೆ ಒಂದು ವಾರ್ಡಿನಲ್ಲಿ ವಯಸ್ಸು ಮತ್ತು ಕಾಯಿಲೆ ಹೇಳಿದರೆ ಮನೆಯನ್ನೇ ತೋರಿಸಿದಂತಾಗುತ್ತದೆ. ಯಾವುದೇ ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನರಿದ್ದರೆ ಆ ಅಂಕಿಯನ್ನು ಪ್ರಕಟಿಸಬಾರದೆಂಬ ನಿಯಮವನ್ನು ಇಲ್ಲಿಯೇ ಕಲಿಸಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆಯು 18 ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆಯನ್ನು ಕೇಳುತ್ತದೆಂಬುದನ್ನೂ ಇದರೊಂದಿಗೆ ಹೇಳಿಕೊಡಬೇಕು. ಬಾವಿಯ ಲೆಕ್ಕದಲ್ಲಿಯೂ ಮನೆಯವರ ಒಪ್ಪಿಗೆ ಪಡೆದು, ನಕ್ಷೆಯಲ್ಲಿ ಮನೆಯ ಹೆಸರಿನ ಬದಲು ಸಂಖ್ಯೆ ಕೊಡುವುದು ಲೇಸು. ಬತ್ತುವ ಬಾವಿಯೆಂದು ಹೆಸರಾದರೆ ಜಾಗದ ಬೆಲೆ ಇಳಿಯುತ್ತದೆಂದು ಹೆದರುವವರೂ ಇದ್ದಾರೆ.

ಗ್ರಾಮಸಭೆಗೆ ಒಯ್ಯುವ ವರದಿಯು ಕನ್ನಡದಲ್ಲಿ ಒಂದು ಪುಟ, ಮಲಯಾಳದಲ್ಲಿ ಒಂದು ಪುಟಕ್ಕಿಂತ ಹೆಚ್ಚಾಗಬಾರದು: ಒಂದು ನಕ್ಷೆ, ಒಂದು ರೇಖಾಚಿತ್ರ, ಎಷ್ಟು ಬಾವಿಗಳನ್ನು ಅಳೆಯಲಾಗಿಲ್ಲ ಎಂಬ ಸಾಲು, ಮತ್ತು ಪಂಚಾಯತು ಮಾಡಬಹುದಾದ ಒಂದು ಕೆಲಸ. ಟ್ಯಾಂಕರಿನ ನೀರು ಯಾವ ಕಡೆಗೆ ಮೊದಲು ಹೋಗಬೇಕು, ತೋಡಿಗೆ ಅಡ್ಡಲಾಗಿ ನೀರು ನಿಲ್ಲಿಸುವ ಹಳೆಯ ಕಟ್ಟವನ್ನು ಎಲ್ಲಿ ಮತ್ತೆ ಕಟ್ಟಬೇಕು ಎಂಬಂಥವು ಅಲ್ಲಿ ಚರ್ಚೆಗೆ ಬರುತ್ತವೆ. ಸಭೆಯಲ್ಲಿ ವಿದ್ಯಾರ್ಥಿಯೇ ಮಾತನಾಡಲಿ. ‘ನಮ್ಮ ಬಾವಿ ಹಾಗಿಲ್ಲ’ ಎಂದು ಹಿರಿಯರೊಬ್ಬರು ಎದ್ದು ನಿಂತರೆ ಅದನ್ನು ಬರೆದುಕೊಂಡು, ಮುಂದಿನ ವಾರ ಟೇಪು ಹಿಡಿದು ಮೊದಲು ಅವರ ಮನೆಗೇ ಹೋಗಲಿ.